ಸ್ಫಟಿಕ ಪೀಠದ ವಂಶಾವಳಿ

ಪೆರೇಸಂದ್ರದ ಕ್ರಾಸಿನಲ್ಲಿ ನಿಂತು ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಗತಕಾಲದ ಪ್ರಭುತ್ವವೊಂದು ಶಿಲಾರೂಪದಲ್ಲಿ ಎದುರಾಗುತ್ತದೆ. ಒಂದೆಡೆ ಬೈರೇಗೌಡನ ಗುಡಿಬಂಡೆಯ ದುರ್ಗ, ಹೆದ್ದಾರಿಯ ಮುಂದಕ್ಕೆ ವರ್ಲಕೊಂಡ, ದಕ್ಷಿಣಕ್ಕೆ ಆವತಿ ನಾಡಪ್ರಭುಗಳ ವಂಶ ಕಟ್ಟಿದ ಚಿಕ್ಕಬಳ್ಳಾಪುರ, ಅದರಾಚೆಗೆ ಸಾವಿರ ವರ್ಷಗಳಿಗೂ ಮಿಗಿಲಾದ ಪೂಜೆಯನ್ನು ಸ್ವೀಕರಿಸುತ್ತ ಬಂದ ಭೋಗನಂದೀಶ್ವರ, ಅವನ ಬೆನ್ನಿಗೆ ನಂದಿಗಿರಿ. ಈ ಪಾಳೆಯಗಾರರ ಏಳುಬೀಳುಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ, ನಾವು ಭಕ್ತಿಯಿಂದ ಕೇಳಿದ್ದೇವೆ. ಆದರೆ ಇದೇ ಹೆದ್ದಾರಿ ದೇವನಹಳ್ಳಿಯನ್ನು ದಾಟಿ ಜಕ್ಕೂರು, ಹೆಬ್ಬಾಳಗಳ ಮೂಲಕ ಬೆಂಗಳೂರಿನ ಮೇಖ್ರಿ ವೃತ್ತವನ್ನು ಸೇರುವ ದಾರಿಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ ಉದಯಿಸಿದ ಇನ್ನೊಂದು ರಾಜವಂಶವಿದೆ. ಅದಕ್ಕೆ ಸೈನ್ಯವಿರಲಿಲ್ಲ, ಕಂದಾಯವಿರಲಿಲ್ಲ. ಅದು ಗೆಲ್ಲಹೊರಟದ್ದು ಘನವಸ್ತುವಿನ ಅಂತರಂಗವನ್ನು. ಅದು ಹಿಡಿದ ಆಯುಧ ಬೆಳಕಿನ ಒಂದು ಕಿರಣ. ಆ ವಂಶದ ಮಹತ್ವಾಕಾಂಕ್ಷೆ, ದಂಡಯಾತ್ರೆ, ಪರಾಭವ ಹಾಗೂ ಉತ್ತರಾಧಿಕಾರದ ಕಥನವನ್ನು ಈ ಸೀಮೆಯ ವಾರಸುದಾರರ ಮುಂದೆ ನಿರೂಪಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ವಾರಸುದಾರರೆಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸಿಲ್ಲ. ನಮ್ಮ ಕಾಲಡಿಯ ಕಣಶಿಲೆಯೇ ಸ್ಫಟಿಕಗಳ ಮಹಾಸಭೆ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರವೆಂದು ಮಕ್ಕಳು ಕರೆಯುವ ಅಭ್ರಕ, ಇವು ಮೂರೂ ಕೋಟ್ಯಂತರ ವರ್ಷಗಳ ಹಿಂದೆ ಭೂಗರ್ಭದ ಶಿಲಾಪಾಕ ನಿಧಾನವಾಗಿ ತಣಿದಾಗ ತಂತಮ್ಮ ಪರಮಾಣುಗಳನ್ನು ಶಿಸ್ತಿನ ಸಾಲುಗಳಲ್ಲಿ ನಿಲ್ಲಿಸಿಕೊಂಡು ಹುಟ್ಟಿದಂಥವು. ಮುರಿದ ಬೆಣಚುಕಲ್ಲಿನ ಮಿನುಗು, ಅಭ್ರಕದ ಪೊರೆಪೊರೆಯಾದ ಹೊಳಪು, ಶಿಡ್ಲಘಟ್ಟದ ರೇಷ್ಮೆಯ ಎಳೆಗೆ ಅದರ ತ್ರಿಕೋಣಾಕಾರದ ಅಡ್ಡಕೊಯ್ತದಿಂದಲೂ ಒಳಗಿನ ಸೂಕ್ಷ್ಮ ಸ್ಫಟಿಕಭಾಗಗಳಿಂದಲೂ ಒದಗುವ ಕಾಂತಿ ಮತ್ತು ಬಲ, ಇವೆಲ್ಲ ಒಂದೇ ತತ್ತ್ವಕ್ಕೆ ಸಾಕ್ಷಿ: ಒಳಗಿನ ವಿನ್ಯಾಸ ಹೇಗಿದೆಯೋ ಹೊರಗಿನ ಬೆಳಕು ಹಾಗೆ ವರ್ತಿಸುತ್ತದೆ. ಈ ತತ್ತ್ವವನ್ನು ಅಳತೆಗೆ ತಂದು, ಅದರ ಮೇಲೆ ಒಂದು ಪೀಠವನ್ನೇ ಸ್ಥಾಪಿಸಿದ ಕೀರ್ತಿ ನಮ್ಮ ಹಳೆಯ ಮೈಸೂರು ಸಂಸ್ಥಾನದ ನೆಲಕ್ಕೆ ಸಲ್ಲುತ್ತದೆ.

ಆ ನೆಲವನ್ನು ಕೊಟ್ಟದ್ದು ಮೈಸೂರಿನ ಅರಸೊತ್ತಿಗೆ. ಜಮ್‌ಷೆಡ್‌ಜಿ ಟಾಟಾ ಅವರ ಸಂಕಲ್ಪದಂತೆ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂದಾಗ ಅದಕ್ಕೆ 371 ಎಕರೆ ಭೂಮಿ ಸಂಸ್ಥಾನದಿಂದ ದಾನವಾಗಿ ದೊರೆಯಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಶಿಲಾನ್ಯಾಸ ಮಾಡಿದರು. ನಮ್ಮ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ 1938ರಿಂದ 1947ರವರೆಗೆ ಅದರ ಆಡಳಿತ ಮಹಾಸಭೆಯ ಅಧ್ಯಕ್ಷರಾಗಿದ್ದು ಅದನ್ನು ಕೈಗಾರಿಕೆಯ ದಿಕ್ಕಿಗೆ ತಿರುಗಿಸಿದರು. ಆದರೆ ಆ ಪೀಠದ ಭವಿಷ್ಯವನ್ನು ನಿರ್ಧರಿಸಿದ ದಿನ ಇವೆಲ್ಲದರ ನಡುವೆ ಬರುತ್ತದೆ. 1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆ ಸೇರಿತ್ತು. ಕಲ್ಕತ್ತೆಯಿಂದ ಬಂದಿದ್ದ ಚಂದ್ರಶೇಖರ ವೆಂಕಟ ರಾಮನ್ ಎಂಬ ಪ್ರಾಧ್ಯಾಪಕರು, ಎರಡೇ ವಾರಗಳ ಹಿಂದೆ, ಫೆಬ್ರವರಿ 28ರಂದು, ತಾವು ಖಚಿತಪಡಿಸಿಕೊಂಡಿದ್ದ ಹೊಸ ವಿಕಿರಣವೊಂದರ ವಿಚಾರವನ್ನು ಆ ಸಭೆಯ ಮುಂದೆ ಮಂಡಿಸಿದರು. ಒಂದೇ ಬಣ್ಣದ ಬೆಳಕು ಪಾರದರ್ಶಕ ವಸ್ತುವನ್ನು ಹೊಕ್ಕಾಗ, ಒಳಹೊಕ್ಕ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಎಲ್ಲೋ ಒಂದು ತನ್ನ ಶಕ್ತಿಯ ಅಂಶವನ್ನು ಅಣುಗಳ ಕಂಪನಕ್ಕೆ ಒಪ್ಪಿಸಿ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಆ ಬದಲಾವಣೆಯನ್ನು ಅಳೆದರೆ ವಸ್ತುವನ್ನು ಒಡೆಯದೆ, ಕರಗಿಸದೆ, ಅದರ ಒಳಗಿನ ಕಂಪನಗಳನ್ನು ಗೆರೆಗೆರೆಯಾಗಿ ಓದಬಹುದು; ಆ ಗೆರೆಗಳೇ ರಾಮನ್ ರೇಖೆಗಳು, ಅವುಗಳ ಪಟ್ಟಿಯೇ ರಾಮನ್ ರೋಹಿತ. ಅಂದು ಸೆಂಟ್ರಲ್ ಕಾಲೇಜಿನಲ್ಲಿ ಕುಳಿತು ಕೇಳಿದವರೇ ಈ ರಾಜ್ಯಶಾಸನದ ಮೊದಲ ಸಾಕ್ಷಿಗಳು. ಎರಡು ವರ್ಷಗಳ ಬಳಿಕ, 1930ರಲ್ಲಿ, ನೊಬೆಲ್ ಪಾರಿತೋಷಕ ಬಂದಿತು.

1933ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಪೀಠವನ್ನೇರಿದ ಪ್ರಥಮ ಭಾರತೀಯರು ಅವರು. ಬಂದವರೇ ಸಾಮ್ರಾಜ್ಯ ಕಟ್ಟುವವರ ವೇಗದಲ್ಲಿ ನಡೆದರು. ಭೌತವಿಜ್ಞಾನ ವಿಭಾಗವನ್ನು ತೆರೆದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪತ್ರಿಕೆಯನ್ನು ತಪ್ಪದೆ ಹೊರತಂದರು. ಮೈಸೂರು ಮಹಾರಾಜರಿಂದ ರಾಜಸಭಾಭೂಷಣ ಬಿರುದನ್ನು ಪಡೆದರು. ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟಿದ್ದ ಮಹಾವಿದ್ವಾಂಸರನ್ನು ಬೆಂಗಳೂರಿಗೆ ಕರೆತರಬೇಕೆಂಬುದು ಅವರ ಮಹತ್ವಾಕಾಂಕ್ಷೆ. ಆ ಕರೆಗೆ ಓಗೊಟ್ಟು 1935ರ ಕೊನೆಯಲ್ಲಿ ಮ್ಯಾಕ್ಸ್ ಬಾರ್ನ್ ಬಂದರು. ಸ್ಫಟಿಕದ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದರ ಗಣಿತವನ್ನು 1912ರಲ್ಲಿ ಫಾನ್ ಕಾರ್ಮನ್ ಜೊತೆಗೂಡಿ ಬರೆದವರೇ ಅವರು. ಕೆಲವು ತಿಂಗಳ ಕಾಲ ಬೆಳಕನ್ನು ಓದುವವರೂ ಜಾಲಕದ ಗಣಿತವನ್ನು ಬಲ್ಲವರೂ ಒಂದೇ ಅಂಗಳದಲ್ಲಿ ನಡೆದಾಡಿದರು. ಆ ಮೈತ್ರಿ ಶಾಶ್ವತವಾಗಿದ್ದರೆ ಬೆಂಗಳೂರು ಘನಸ್ಥಿತಿ ಭೌತವಿಜ್ಞಾನಕ್ಕೆ ಜಗತ್ತಿನ ರಾಜಧಾನಿಗಳಲ್ಲೊಂದಾಗುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಾರ್ನರಿಗೆ ಶಾಶ್ವತ ಪ್ರಾಧ್ಯಾಪಕ ಪದವಿ ಕೊಡಿಸುವ ಪ್ರಯತ್ನ ಸಂಸ್ಥೆಯೊಳಗಿನ ವಿರೋಧಕ್ಕೆ ಬಲಿಯಾಯಿತು. ಅವರು 1936ರಲ್ಲಿ ಎಡಿನ್‌ಬರೊಗೆ ತೆರಳಿದರು. ರಾಮನ್ನರ ಆಡಳಿತದ ರಭಸವನ್ನು ಸಹಿಸದವರ ದೂರುಗಳು ಬೆಳೆದು ವಿಚಾರಣಾ ಸಮಿತಿ ಬಂದು, 1937ರಲ್ಲಿ ಅವರು ನಿರ್ದೇಶಕ ಪದವಿಯಿಂದ ಇಳಿಯಬೇಕಾಯಿತು. ನಾಲ್ಕೇ ವರ್ಷಗಳ ಆಳ್ವಿಕೆ ಅದು.

ಕಿರೀಟವಿಳಿದ ಮೇಲೆ ಅವರ ನಿಜವಾದ ದಿಗ್ವಿಜಯ ಆರಂಭವಾಯಿತು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಅಲ್ಲಿಯೇ ಉಳಿದ ರಾಮನ್ನರ ಸುತ್ತ ದಕ್ಷಿಣದ ನಾನಾ ಊರುಗಳ ತರುಣ ತರುಣಿಯರು ಸೇರಿದ್ದರು. ಅದಾಗಲೇ ನಾಗೇಂದ್ರನಾಥರೊಡನೆ, ಶ್ರವಣಾತೀತ ಶಬ್ದದ ಅಲೆಗಳು ಬೆಳಕನ್ನು ಹೇಗೆ ಬಾಗಿಸಿ ಹಂಚುತ್ತವೆಂಬ ಸಿದ್ಧಾಂತ 1935-36ರಲ್ಲಿ ಸಿದ್ಧವಾಗಿತ್ತು. ಇಂದಿಗೂ ಅದು ರಾಮನ್-ನಾಥ್ ಸಿದ್ಧಾಂತವೆಂದೇ ಪ್ರಸಿದ್ಧ. 1940ರಲ್ಲಿ ನೀಲಕಂಠನ್ ಅವರೊಡನೆ ವಜ್ರದ ಮೇಲೆ ಕ್ಷ-ಕಿರಣ ಬಿಟ್ಟಾಗ, ನಿಯತ ಸ್ಥಾನಗಳ ಕಲೆಗಳಲ್ಲದೆ ಬೇರೆ ಪ್ರತಿಫಲನಗಳೂ ಕಂಡುಬಂದವು. ಅದೇ ವರ್ಷ ನೆಡುಂಗಾಡಿಯವರೊಡನೆ ಬೆಣಚುಕಲ್ಲಿನ ಹರಳನ್ನು ಹಂತಹಂತವಾಗಿ ಕಾಯಿಸಿ ಅದರ ರೋಹಿತವನ್ನು ದಾಖಲಿಸಿದರು. ಬೆಣಚುಕಲ್ಲು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಸ್ಫಟಿಕರೂಪದಿಂದ ಇನ್ನೊಂದಕ್ಕೆ ಹೊರಳುತ್ತದೆ. ಆ ಹೊಸ್ತಿಲು ಸಮೀಪಿಸಿದಂತೆ ಒಂದು ಕಂಪನದ ರೇಖೆ ಮಾತ್ರ ತನ್ನ ಸ್ಥಾನದಿಂದ ಜಾರುತ್ತ, ಮಸುಕಾಗುತ್ತ, ಅಗಲವಾಗುತ್ತ ಹೋಯಿತು. ರಚನೆ ಕುಸಿಯುವ ಮುನ್ನ ಒಂದು ಕಂಪನ ಮೆತ್ತಗಾಗುತ್ತದೆಂಬ ಮಹಾಸತ್ಯದ ದರ್ಶನ ಅದು. ಪಾಶ್ಚಾತ್ಯ ಸಿದ್ಧಾಂತಿಗಳು ಆ ವಿಚಾರವನ್ನು ಸಮಗ್ರವಾಗಿ ಮಂಡಿಸಿದ್ದು 1960ರ ಸುಮಾರಿಗೆ. ನಮ್ಮ ಹೊಲದ ಬದುಗಳಲ್ಲಿ ಬಿದ್ದಿರುವ ಕಲ್ಲಿನ ಜಾತಿಯೇ ಇಂಥ ರಹಸ್ಯವನ್ನು ಮೊದಲು ಬಿಟ್ಟುಕೊಟ್ಟದ್ದು ಬೆಂಗಳೂರಿನ ಪ್ರಯೋಗಶಾಲೆಗೆ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಎಲ್ಲ ದಂಡಯಾತ್ರೆಗಳಿಗೂ ಮಿಗಿಲಾದದ್ದು ವಜ್ರದ ಯಾತ್ರೆ. ಇಂಗಾಲದ ಪರಮಾಣುವೊಂದು ನಾಲ್ಕು ದಿಕ್ಕುಗಳಲ್ಲಿ ನಾಲ್ಕು ನೆರೆಯವರ ಕೈಹಿಡಿದು ನಿಂತ ಆ ರಚನೆಯನ್ನು ಬ್ರ್ಯಾಗ್ ತಂದೆಮಕ್ಕಳು 1913ರಲ್ಲಿಯೇ ಬಿಡಿಸಿದ್ದರು. ಅಷ್ಟು ಸರಳವಾದ, ಅಷ್ಟು ಪರಿಪೂರ್ಣವಾದ ಹರಳನ್ನು ಅರಿತರೆ ಘನವಸ್ತುವಿನ ಪ್ರಪಂಚವನ್ನೇ ಅರಿತಂತೆ ಎಂದು ರಾಮನ್ನರು ನಂಬಿದರು. ಪನ್ನಾದ ಗಣಿಗಳವರೆಗೆ ಅವರ ಆಸಕ್ತಿ ಚಾಚಿತು. ಅವರ ಶಿಷ್ಯರಲ್ಲಿ ಆರ್.ಎಸ್. ಕೃಷ್ಣನ್ ಪಾದರಸದ ದೀಪದ ಅತಿನೇರಳೆ ರೇಖೆಯನ್ನು ಬಳಸಿ, ವಜ್ರದ ಪ್ರಸಿದ್ಧವಾದ, ಸೆಂಟಿಮೀಟರಿಗೆ 1332 ಅಲೆಗಳಷ್ಟು ಸರಿದ ರೇಖೆಯಾಚೆಗೆ ಅಡಗಿದ್ದ ಅತಿಕ್ಷೀಣ ದ್ವಿತೀಯ ಶ್ರೇಣಿಯ ರೋಹಿತವನ್ನು ಸೆರೆಹಿಡಿದರು. ಮುಂದೆ ಕಾಲಜನ್ ರಚನೆಯಿಂದ ವಿಶ್ವವಿಖ್ಯಾತರಾದ ಜಿ.ಎನ್. ರಾಮಚಂದ್ರನ್ ತರುಣರಾಗಿದ್ದಾಗ ಕ್ಷ-ಕಿರಣದಿಂದ ವಜ್ರದ ಒಳಮೈಯ ನಕ್ಷೆಗಳನ್ನು ತೆಗೆದದ್ದು ಇಲ್ಲಿಯೇ. ಆದರೆ ಈ ಪರ್ವದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅನ್ನಾ ಮಣಿ ಎಂಬ ತರುಣಿಯ ಮುಂದೆ. ತಿರುವಾಂಕೂರಿನ ಪೀರುಮೇಡಿನವರಾದ ಆಕೆ 1940ರಲ್ಲಿ ರಾಮನ್ನರ ಪ್ರಯೋಗಶಾಲೆಯನ್ನು ಸೇರಿ, ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ, ಬೆಳಕಿನ ಹೀರಿಕೆ ಹಾಗೂ ರಾಮನ್ ರೋಹಿತಗಳನ್ನು, ಜೊತೆಗೆ ಕೆಂಪು ಮಾಣಿಕ್ಯದ ಬೆಳಕನ್ನು ಅಧ್ಯಯನ ಮಾಡಿದರು. ಆ ಕ್ಷೀಣ ಕಾಂತಿ ಛಾಯಾಫಲಕದ ಮೇಲೆ ಮೂಡಲು ಹದಿನೈದರಿಂದ ಇಪ್ಪತ್ತು ಗಂಟೆಗಳು ಬೇಕಾಗುತ್ತಿದ್ದವು. ಆಕೆ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲೇ ಕಳೆದರು. 1942ರಿಂದ 1945ರ ನಡುವೆ ಐದು ಪ್ರಬಂಧಗಳನ್ನು ಏಕಾಂಗಿಯಾಗಿ ಪ್ರಕಟಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ಒಂದೇ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾನಿಲಯ ಆಕೆಗೆ ಡಾಕ್ಟರೇಟ್ ಕೊಡಲಿಲ್ಲ. ಆಕೆ 1945ರಲ್ಲಿ ಲಂಡನ್ನಿಗೆ ತೆರಳಿ, ಹವಾಮಾನ ಮಾಪನ ಸಾಧನಗಳಲ್ಲಿ ಪರಿಣತಿ ಪಡೆದು, ಸ್ವತಂತ್ರ ಭಾರತದ ಹವಾಮಾನ ಇಲಾಖೆಯನ್ನು ಸ್ವಾವಲಂಬನೆಯ ದಾರಿಗೆ ತಂದರು. ಆಕೆಯ ಡಾಕ್ಟರೇಟ್ ಪ್ರಬಂಧವಂತೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಪದವಿಪತ್ರ ಸಿಗದ ಆ ವಿದ್ವತ್ತು, ಪದವಿಪತ್ರ ಪಡೆದ ಅನೇಕ ವಿದ್ವತ್ತುಗಳಿಗಿಂತ ಎತ್ತರದ್ದೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಇನ್ನು ಮಹಾಯುದ್ಧ. ಯಾವ ಬಾರ್ನರನ್ನು ಬೆಂಗಳೂರಿನಲ್ಲಿ ಉಳಿಸಿಕೊಳ್ಳಲು ರಾಮನ್ನರು ಹೆಣಗಿದ್ದರೋ ಅದೇ ಬಾರ್ನರ ವಿರುದ್ಧ 1940ರ ದಶಕದಲ್ಲಿ ಅವರು ರಣಕಹಳೆ ಊದಿದರು. ವಿವಾದದ ಮರ್ಮವನ್ನು ನಮ್ಮ ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದಿಂದ ತಿಳಿಯಬಹುದು. ಚಪ್ಪರದ ಒಂದು ಕಂಬವನ್ನು ಅಲುಗಿಸಿದರೆ ಅಲುಗಾಟ ತಂತಿಯಿಂದ ತಂತಿಗೆ ಹರಡಿ ಇಡೀ ತೋಟದ ಉದ್ದಗಲಕ್ಕೆ ಅಲೆಯಾಗಿ ಸಾಗುತ್ತದೆ. ಅಂಥ ಅಲೆಗಳ ಉದ್ದಕ್ಕೆ ಲೆಕ್ಕವಿಲ್ಲ. ಸ್ಫಟಿಕ ಜಾಲಕವೂ ಹಾಗೆಯೇ, ಆದ್ದರಿಂದ ಕಂಪನಾಂಕಗಳು ಅಸಂಖ್ಯ, ನಿರಂತರ ಎಂಬುದು ಬಾರ್ನರ ಪಕ್ಷ. ರಾಮನ್ನರಾದರೋ, ಜಾಲಕದಲ್ಲಿ ಮರುಕಳಿಸುವ ಪರಮಾಣುಗುಂಪುಗಳಾದ ಕೋಶಗಳಲ್ಲಿ ಅಕ್ಕಪಕ್ಕದವು ಒಂದೇ ಲಯದಲ್ಲಿ ಅಥವಾ ವಿರುದ್ಧ ಲಯದಲ್ಲಿ ಮಾತ್ರ ಕಂಪಿಸುತ್ತವೆ, ಕೋಶದಲ್ಲಿ ಎಷ್ಟು ಪರಮಾಣುಗಳಿವೆಯೋ ಅದನ್ನು 24ರಿಂದ ಗುಣಿಸಿ ಮೂರು ಕಳೆದರೆ ಬರುವಷ್ಟೇ ನಿಯತ ಕಂಪನಗಳಿವೆ ಎಂದು ಘೋಷಿಸಿದರು. ಕೃಷ್ಣನ್ನರ ರೋಹಿತದಲ್ಲಿ ಕಂಡ ತೀಕ್ಷ್ಣ ಶಿಖರಗಳೇ ಅವರ ಸಾಕ್ಷಿ: ಕಂಪನಗಳು ನಿರಂತರವಾಗಿದ್ದರೆ ಇಷ್ಟು ತೀಕ್ಷ್ಣ ರೇಖೆಗಳು ಎಲ್ಲಿಂದ ಬಂದವು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ರಾಮನ್ನರ ಪಕ್ಷಕ್ಕೆ ಒಲಿಯಲಿಲ್ಲ. ಬಾರ್ನರ ಶಿಷ್ಯೆ ಹೆಲೆನ್ ಸ್ಮಿತ್ ವಜ್ರಜಾಲಕದ ಲೆಕ್ಕವನ್ನು ಬಾರ್ನರ ರೀತಿಯಲ್ಲೇ ಬಿಡಿಸಿ ತೋರಿದರು. 1953ರಲ್ಲಿ ಫಾನ್ ಹೋವ್, ನಿರಂತರ ಕಂಪನಗಳ ಸಮೂಹದಲ್ಲಿಯೂ ಕೆಲವು ವಿಶಿಷ್ಟ ಬಿಂದುಗಳಲ್ಲಿ ಕಂಪನಾಂಕಗಳ ಸಾಂದ್ರತೆ ಥಟ್ಟನೆ ತಿರುವು ಪಡೆಯುವುದರಿಂದ ಇಂಥ ತೀಕ್ಷ್ಣತೆ ಸಹಜವೆಂದು ಸಾಧಿಸಿದರು. ಬಳಿಕ ನ್ಯೂಟ್ರಾನ್ ಪ್ರಯೋಗಗಳು ಬಾರ್ನರ ಅಲೆಗಳನ್ನು ನೇರವಾಗಿಯೇ ಅಳೆದವು. ವಜ್ರಗಳಲ್ಲಿ ಎರಡು ಬಗೆಗಳಿರುವುದು ರಚನೆಯ ಸಮಮಿತಿ ಭೇದದಿಂದ ಎಂಬ ರಾಮನ್ನರ ವಾದವೂ ನಿಲ್ಲಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಆ ಭೇದ ಸಾರಜನಕದ ಕಲಬೆರಕೆಯಿಂದ ಹುಟ್ಟಿದ್ದೆಂದು ತೋರಿಸಿಕೊಟ್ಟರು.

ಮಹಾಪುರುಷನ ಪರಾಭವವನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ರಾಮನ್ನರು ಸೋತರು, ಸೋತದ್ದನ್ನು ಕೊನೆಯವರೆಗೂ ಒಪ್ಪಲಿಲ್ಲ. ಆ ಹಟ ಅವರ ಪೀಠಕ್ಕೆ ದುಬಾರಿಯಾಯಿತೆಂಬುದು ನನ್ನ ನಿರ್ಣಯ: ಗಣಿತದ ಮಹಾಪಥದಿಂದ ಬೆಂಗಳೂರು ಒಂದು ಪೀಳಿಗೆಯ ಕಾಲ ದೂರವಾಯಿತು, ಪ್ರತಿಭಾವಂತ ಶಿಷ್ಯರು ಗುರುವಿನ ಪಕ್ಷ ಹಿಡಿಯಬೇಕಾದ ಇಕ್ಕಟ್ಟಿಗೆ ಸಿಲುಕಿದರು. ಆದರೆ ಇಡೀ ಯುದ್ಧ ನಡೆದದ್ದು ಯಾವ ಅಳತೆಗಳ ಮೇಲೆ? ರಾಮನ್ನರ ಶಿಷ್ಯರು ನಿದ್ದೆಗೆಟ್ಟು ತೆಗೆದ ಛಾಯಾಫಲಕಗಳ ಮೇಲೆ. ವಿಜಯಿಯಾದ ಬಾರ್ನ್ ಪಕ್ಷ ತನ್ನ ಸಿದ್ಧಾಂತವನ್ನು ಒರೆಹಚ್ಚಿದ್ದೂ ಕೃಷ್ಣನ್ನರ ರೋಹಿತದ ಎದುರಿಗೇ. ವ್ಯಾಖ್ಯಾನ ಬಿದ್ದಿತು, ಅಳತೆ ಉಳಿಯಿತು.

1948ರಲ್ಲಿ ನಿವೃತ್ತರಾದ ರಾಮನ್ನರು, ಮೈಸೂರು ಸರ್ಕಾರ ಅಕಾಡೆಮಿಗೆ ಬಹಳ ಮೊದಲೇ ಕೊಟ್ಟಿದ್ದ ಭೂಮಿಯಲ್ಲಿ, ಬಳ್ಳಾರಿ ರಸ್ತೆಯ ಬದಿಯಲ್ಲಿ, ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿ ಅದರೊಳಗೆ ಏಕಾಂತವಾಸಿಯಾದ ಅರಸನಂತೆ ಕುಳಿತರು. ಲ್ಯಾಬ್ರಡೊರೈಟ್ ಎಂಬ ಫೆಲ್ಡ್‌ಸ್ಪಾರಿನ ಮೇಲೆ ಆಡುವ ನವಿಲುಬಣ್ಣ, ಓಪಲಿನ ಕಿಡಿಬಣ್ಣ, ಮುತ್ತಿನ ಕಾಂತಿ, ಇವುಗಳಲ್ಲೆಲ್ಲ ಬಣ್ಣ ಹುಟ್ಟುವುದು ಯಾವ ವರ್ಣದ್ರವ್ಯದಿಂದಲೂ ಅಲ್ಲ, ಬೆಳಕಿನ ತರಂಗಕ್ಕೆ ಹೋಲಿಸಬಹುದಾದ ಸೂಕ್ಷ್ಮ ಅಂತರಗಳ ಒಳರಚನೆಯಿಂದ ಎಂಬುದನ್ನು ಅವರು ಅಲ್ಲಿ ಬಿಡಿಸುತ್ತ ಹೋದರು. ಇಂದು ನ್ಯಾನೊ ರಚನೆಗಳೆಂದು ಜಗತ್ತು ಕೊಂಡಾಡುವ ವಿದ್ಯೆಗೆ ಇದು ಮುನ್ನುಡಿ. ಅಲ್ಲಿಯೇ ಅವರ ಸೋದರಳಿಯ ಎಸ್. ಪಂಚರತ್ನಂ, ಇಪ್ಪತ್ತರ ಹರೆಯದಲ್ಲಿ, ಬೆಳಕನ್ನು ಹೀರುವ ಸ್ಫಟಿಕಗಳಲ್ಲಿ ಧ್ರುವೀಕೃತ ಕಿರಣಗಳ ನಡೆಯನ್ನು ಶೋಧಿಸುತ್ತ, 1956ರಲ್ಲಿ ಒಂದು ಅಪೂರ್ವ ತತ್ತ್ವವನ್ನು ಕಂಡರು: ಬೆಳಕಿನ ಧ್ರುವೀಕರಣ ಸ್ಥಿತಿ ನಾನಾ ಅವಸ್ಥೆಗಳನ್ನು ಸುತ್ತಿ ಮೊದಲಿನಲ್ಲಿಗೇ ಮರಳಿದರೂ ಅದರ ಅಲೆಯ ಏರಿಳಿತದ ಹಂತ ಮೊದಲಿನಂತಿರುವುದಿಲ್ಲ, ಸುತ್ತಿದ ದಾರಿಯ ಜ್ಯಾಮಿತಿ ಅದರಲ್ಲಿ ಉಳಿದುಬಿಡುತ್ತದೆ. ಲೋಕ ಅದನ್ನು ಗಮನಿಸಲಿಲ್ಲ. ಪಂಚರತ್ನಂ ಮೈಸೂರಿನಲ್ಲಿ ಕೆಲಕಾಲ ಬೋಧಿಸಿ, ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ 35ರ ಆಸುಪಾಸಿನಲ್ಲೇ ಅಸ್ತಂಗತರಾದರು. 1984ರಲ್ಲಿ ಮೈಕೆಲ್ ಬೆರಿ ಕ್ವಾಂಟಂ ಲೋಕದಲ್ಲಿ ಇದೇ ಬಗೆಯ ಹಂತವನ್ನು ಪ್ರತಿಪಾದಿಸಿ ವಿಖ್ಯಾತರಾದ ಬಳಿಕ, ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಬೆಂಗಳೂರಿನಿಂದ 1986ರಲ್ಲಿ ಈ ಮೂಲಶಾಸನವನ್ನು ಜಗತ್ತಿಗೆ ತೋರಿಸಿದರು. ಬೆರಿ ಅದನ್ನು ಗೌರವದಿಂದ ಒಪ್ಪಿಕೊಂಡರು. ಇಂದು ಅದು ಪಂಚರತ್ನಂ ಹಂತ ಎಂಬ ಹೆಸರಿನಿಂದಲೇ ಬಳಕೆಯಲ್ಲಿದೆ.

1970ರ ನವೆಂಬರ್ 21ರಂದು ರಾಮನ್ನರು ದಿವಂಗತರಾದರು. ಸಂಸ್ಥೆಯ ತೋಟದಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ದೊಡ್ಡ ಚಕ್ರವರ್ತಿಯ ಬಳಿಕ ರಾಜ್ಯ ಹಂಚಿಹೋಗುವಂತೆ ಆ ಪೀಠವೂ ಹಂಚಿಹೋಯಿತು, ಆದರೆ ಛಿದ್ರವಾಗಲಿಲ್ಲ. ಅವರ ಪುತ್ರ ವಿ. ರಾಧಾಕೃಷ್ಣನ್ 1972ರಲ್ಲಿ ಸಂಸ್ಥೆಯನ್ನು ವಹಿಸಿಕೊಂಡು ಅದನ್ನು ರೇಡಿಯೊ ಖಗೋಳವಿಜ್ಞಾನದತ್ತ ತಿರುಗಿಸಿದರು. ಈ ತಿರುವಿನ ಫಲ ನಮ್ಮ ಸೀಮೆಗೇ ಬಂದಿತು. ಗೌರಿಬಿದನೂರಿನ ಬಯಲಿನಲ್ಲಿ ಆ ಸಂಸ್ಥೆಯೂ ಭಾರತೀಯ ಖಭೌತವಿಜ್ಞಾನ ಸಂಸ್ಥೆಯೂ ಕೂಡಿ ನಿಲ್ಲಿಸಿದ ಸಾವಿರ ದ್ವಿಧ್ರುವ ಆಂಟೆನಾಗಳ ದೂರದರ್ಶಕ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ದನಿಯನ್ನು ಆಲಿಸತೊಡಗಿತು. ಇನ್ನೊಬ್ಬ ಸೋದರಳಿಯ ಎಸ್. ಚಂದ್ರಶೇಖರ್ ದ್ರವಸ್ಫಟಿಕಗಳ ಶಾಖೆಯನ್ನು ಕಟ್ಟಿದರು. ದ್ರವದಂತೆ ಹರಿಯುತ್ತ ಸ್ಫಟಿಕದಂತೆ ಶಿಸ್ತನ್ನು ಉಳಿಸಿಕೊಳ್ಳುವ ಈ ವಸ್ತುಗಳು ಸರಳಿನಾಕಾರದ ಅಣುಗಳಿಂದ ಮಾತ್ರ ಸಾಧ್ಯವೆಂದು ಸಾಮಾನ್ಯವಾಗಿ ನಂಬಿದ್ದ ಕಾಲದಲ್ಲಿ, 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ಕಂಬಗಳಾಗಿ ಪೇರಿಕೊಂಡು ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಚಪ್ಪಟೆ ಪರದೆಗಳನ್ನು ಪಕ್ಕದಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ಪೊರೆಗಳಲ್ಲಿ ಈ ಬಗೆಯ ಅಣುಗಳು ಮುಂದೆ ಬಳಕೆಗೆ ಬಂದವು. ಕಾರ್ಖಾನೆಯ ಕಡೆಯಲ್ಲಿ, 1954ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳನ್ನೂ, 1967ರ ಹೊತ್ತಿಗೆ ಸಿಲಿಕಾನ್ ಸಾಧನಗಳನ್ನೂ ತಯಾರಿಸತೊಡಗಿತು.

ಇಲ್ಲಿ ವಜ್ರಕ್ಕೂ ಸಿಲಿಕಾನಿಗೂ ಇರುವ ರಕ್ತಸಂಬಂಧವನ್ನು ಹೇಳಬೇಕು. ಎರಡರದೂ ಒಂದೇ ಜಾಲಕ, ಒಂದೇ ನಾಲ್ಕು ಕೈಗಳ ಬಂಧ. ಆದರೂ ಒಂದು ನೀರಿನಂತೆ ನಿರ್ಮಲ, ಇನ್ನೊಂದು ಕಪ್ಪುಬೂದು. ಕಾರಣ ಶಕ್ತಿಯ ಒಂದು ಕಂದಕ. ಬಂಧದಲ್ಲಿ ನೆಲೆಸಿದ ಎಲೆಕ್ಟ್ರಾನು ಸ್ವತಂತ್ರವಾಗಿ ಸಂಚರಿಸಬೇಕಾದರೆ ಆ ಕಂದಕವನ್ನು ಹಾರಬೇಕು. ವಜ್ರದಲ್ಲಿ ಅದರ ಅಗಲ ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನಲ್ಲಿ 1.1. ಕಣ್ಣಿಗೆ ಕಾಣುವ ಬೆಳಕಿನ ಕಣದ ಶಕ್ತಿ ಸರಿಸುಮಾರು 1.7ರಿಂದ 3.1. ಆದ್ದರಿಂದ ಶುದ್ಧ ವಜ್ರದಲ್ಲಿ ಈ ಬೆಳಕು ಎಲೆಕ್ಟ್ರಾನನ್ನು ಹಾರಿಸಲಾರದೆ ಹಾಗೆಯೇ ಹಾದುಹೋಗುತ್ತದೆ, ಸಿಲಿಕಾನಿನಲ್ಲಿ ಹೀರಲ್ಪಡುತ್ತದೆ. ದಶಕಗಳ ಕಾಲ ಈ ಕಂದಕದ ಅಗಲ ಆಯಾ ವಸ್ತುವಿನ ಹಣೆಬರಹವೆಂದೇ ತೋರುತ್ತಿತ್ತು. 1980ರ ದಶಕದಲ್ಲಿ ಎಕಿಮೋವ್ ಮತ್ತು ಬ್ರೂಸ್, ಬಳಿಕ ಬವೆಂಡಿ ಆ ಹಣೆಬರಹವನ್ನೇ ತಿದ್ದುವ ಮಾರ್ಗ ತೋರಿದರು; ಅದಕ್ಕಾಗಿ 2023ರ ರಸಾಯನವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ಅರೆವಾಹಕದ ಹರಳನ್ನು ಕೆಲವೇ ನ್ಯಾನೊಮೀಟರುಗಳಿಗೆ ಕುಗ್ಗಿಸಿದರೆ ಎಲೆಕ್ಟ್ರಾನಿಗೆ ಸಂಚರಿಸಲು ಎಡೆಯಿಲ್ಲದಾಗಿ ಕಂದಕ ಅಗಲವಾಗುತ್ತದೆ. ಒಂದೇ ಕ್ಯಾಡ್ಮಿಯಂ ಸೆಲೆನೈಡ್, ಆರು ನ್ಯಾನೊಮೀಟರಿನ ಆಸುಪಾಸಿನಲ್ಲಿ ಕೆಂಪಾಗಿ, ಎರಡರ ಆಸುಪಾಸಿನಲ್ಲಿ ನೀಲಿಯಾಗಿ ಬೆಳಗುತ್ತದೆ.

ಈ ಹೊಸ ಯುಗಕ್ಕೆ ಬೆಂಗಳೂರು ಅಪರಿಚಿತವಾಗಿ ಪ್ರವೇಶಿಸಲಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ರಾಮನ್ನರ ಘೋಷಣೆ ಮೊಳಗಿದ ಅದೇ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸಿ.ಎನ್.ಆರ್. ರಾವ್ 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಘನಸ್ಥಿತಿ ಮತ್ತು ರಚನಾ ರಸಾಯನವಿಜ್ಞಾನ ಘಟಕವನ್ನು ಸ್ಥಾಪಿಸಿದರು. 1984ರಿಂದ ಹತ್ತು ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದರು. ರಾಮನ್ನರಿಗೆ ದಕ್ಕದ ದೀರ್ಘ ಆಳ್ವಿಕೆ ಇವರಿಗೆ ದಕ್ಕಿತು. 1987ರಲ್ಲಿ ದ್ರವ ಸಾರಜನಕದ ಉಷ್ಣತೆಯಲ್ಲೇ ಅತಿವಾಹಕವಾಗುವ ತಾಮ್ರದ ಆಕ್ಸೈಡ್ ಸಂಯುಕ್ತಗಳ ರಚನೆಯನ್ನು ಗುರುತಿಸುವ ಜಾಗತಿಕ ಪೈಪೋಟಿಯಲ್ಲಿ ಅವರ ಬಳಗ ಮುಂಚೂಣಿಯಲ್ಲಿತ್ತು. 1989ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸ್ಥಾಪಿತವಾಗಿ ಜಕ್ಕೂರಿನಲ್ಲಿ ನೆಲೆನಿಂತಿತು. ನಮ್ಮೂರಿನ ಬಸ್ಸು ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಅದು ಕೂಗಳತೆಯ ದೂರ. ಇಂಗಾಲದ ನಳಿಕೆಗಳು, ಲೋಹಗಳ ನ್ಯಾನೊಕಣಗಳು, ಗ್ರಾಫೀನಿನಂಥ ಒಂಟಿಪದರದ ಹಾಳೆಗಳು ಅಲ್ಲಿಯ ಹೊಸ ಪ್ರಾಂತಗಳಾದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ.ಡಿ. ಶರ್ಮಾ ಬಳಗ ಅರೆವಾಹಕ ನ್ಯಾನೊಹರಳುಗಳ ಗಾತ್ರಕ್ಕೂ ಶಕ್ತಿಕಂದಕಕ್ಕೂ ಇರುವ ಸಂಬಂಧವನ್ನು ಲೆಕ್ಕದಿಂದಲೂ ಪ್ರಯೋಗದಿಂದಲೂ ಬಿಡಿಸಿತು. ಅಲ್ಲಿಯೇ ಎ.ಕೆ. ಸೂದ್ ಮತ್ತವರ ಸಂಗಡಿಗರು ಕೇಂಬ್ರಿಜ್ ವಿಜ್ಞಾನಿಗಳ ಜೊತೆಗೂಡಿ 2008ರಲ್ಲಿ, ಗ್ರಾಫೀನಿನ ಟ್ರಾನ್ಸಿಸ್ಟರಿನಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುಕಡಿಮೆಯಾದಂತೆ ಸೆಂಟಿಮೀಟರಿಗೆ 1580ರ ಸಮೀಪದ ರಾಮನ್ ರೇಖೆ ಹೇಗೆ ಸ್ಥಾನ ಬದಲಿಸುತ್ತದೆಂದು ದಾಖಲಿಸಿದರು. ಗುರುವಿನ ವಜ್ರವೂ ಇಂಗಾಲ, ಈ ಹಾಳೆಯೂ ಇಂಗಾಲ. ಓದಿದ ಲಿಪಿಯೂ ಅದೇ.

ನಮ್ಮ ಜಿಲ್ಲೆಯಿಂದ ಈ ಪೀಠದ ಬಾಗಿಲಿಗೆ ಹೋದವರ ಹೆಸರು ಕೇಳಿದರೆ ಮೊದಲಿಗೆ ನೆನಪಾಗುವವರು ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿ, ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು. ಭೌತವಿಜ್ಞಾನವನ್ನೇ ಅಭ್ಯಾಸ ಮಾಡಿ, ಅಮೆರಿಕದ ಓಹಿಯೊದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಬದುಕು ಸವೆಸಿದ ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನಿಗಳನ್ನು ಸಾಮಾನ್ಯರ ಮುಂದೆ ತಂದು ನಿಲ್ಲಿಸಿದರು. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜು ತಂದರು. ಹರಳುಗಳನ್ನು ಅವರು ಸಂಶೋಧಿಸಿದವರಲ್ಲ. ಆದರೆ ಈ ಬಯಲುಸೀಮೆಯ ಮಕ್ಕಳಿಗೆ ಆ ಸಂಶೋಧನೆಯ ಹೊಸ್ತಿಲು ದಾಟುವ ಧೈರ್ಯ ಕೊಟ್ಟವರು ಅವರೇ.

ಇನ್ನೂ ಗೆಲ್ಲದೆ ಉಳಿದಿರುವ ದುರ್ಗವೊಂದಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಂಗಳೂರು ಚಿಪ್‌ಗಳ ವಿನ್ಯಾಸದಲ್ಲಿ ಜಗತ್ತಿನ ಅಗ್ರಪಂಕ್ತಿಗೆ ಏರಿತು. ಆದರೆ ಆ ವಿನ್ಯಾಸಗಳನ್ನು ಸ್ಫಟಿಕದ ಮೇಲೆ ಕೆತ್ತುವ ಕಾರ್ಯ ತೈವಾನ್, ಕೊರಿಯಾಗಳ ಪಾಲಾಯಿತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಗಳ ಅರೆವಾಹಕ ಯೋಜನೆಯನ್ನು ಪ್ರಕಟಿಸಿದ್ದು ಈ ಕೊರತೆಯನ್ನು ನೀಗಲೆಂದೇ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಈಗ ಗ್ಯಾಲಿಯಂ ನೈಟ್ರೈಡಿನ ಪದರಗಳನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳೆಸುವ ವಿದ್ಯೆ ಸಿದ್ಧಿಸಿದೆ; ಅಧಿಕ ವಿದ್ಯುತ್ತನ್ನು ಕಡಿಮೆ ನಷ್ಟದಲ್ಲಿ ನಿಯಂತ್ರಿಸುವ ಟ್ರಾನ್ಸಿಸ್ಟರುಗಳಿಗೆ, ರಡಾರುಗಳಿಗೆ ಅದು ಆಧಾರ. ತಣಿಯುವಾಗ ಎರಡು ವಸ್ತುಗಳೂ ಒಂದೇ ಪ್ರಮಾಣದಲ್ಲಿ ಕುಗ್ಗದ ಕಾರಣ, ಪದರ ಎಳೆತಕ್ಕೆ ಸಿಕ್ಕಿ ಬಿರುಕುಬಿಡುವ ಅಪಾಯವುಂಟು. ಎಳೆತ ಎಷ್ಟಿದೆಯೆಂದು ತಿಳಿಯಲು ಬಿಲ್ಲೆಯನ್ನು ಒಡೆಯಬೇಕಾಗಿಲ್ಲ: ಒಂದು ಲೇಸರ್ ಕಿರಣವನ್ನು ಅದರ ಮೇಲೆ ಬಿಟ್ಟು, ಸೆಂಟಿಮೀಟರಿಗೆ 568ರ ಸಮೀಪದಲ್ಲಿರಬೇಕಾದ ರಾಮನ್ ರೇಖೆ ಎಷ್ಟು ಸರಿದಿದೆಯೆಂದು ಅಳೆದರೆ ಸಾಕು.